ಕ್ಯಾಸೆಟ್ಟಿನಲ್ಲಿ ಇಲ್ಲದ ಅತ್ತೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ, ಉಕ್ಕಿನ ಕಪಾಟಿನ ಕೆಳಗಿನ ಖಾನೆಯಲ್ಲಿ ಹದಿನಾಲ್ಕು ವೀಡಿಯೊ ಕ್ಯಾಸೆಟ್ಟುಗಳಿವೆ. ಅವನ್ನು ಹಾಕಿ ನೋಡುವ ಯಂತ್ರ ಮನೆಯಿಂದ ಹೋಗಿ ಬಹಳ ವರ್ಷಗಳಾದವು. ಯಂತ್ರವನ್ನು ಗುಜರಿಯವನಿಗೆ ಕೊಟ್ಟ ದಿನವೇ ಕ್ಯಾಸೆಟ್ಟುಗಳನ್ನೂ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು; ಕೊಡಲಿಲ್ಲ. ಇಟ್ಟುಕೊಂಡು ಮಾಡಿದ್ದೂ ಏನಿಲ್ಲ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹೆಂಡತಿ ಅವನ್ನೆತ್ತಿ ನನ್ನ ಮುಂದೆ ಹಿಡಿಯುತ್ತಾಳೆ, ನಾನು "ಇರಲಿ" ಎನ್ನುತ್ತೇನೆ, ಅವಳು ಧೂಳು ಒರೆಸಿ ಮತ್ತೆ ಅಲ್ಲಿಯೇ ಇಡುತ್ತಾಳೆ.

ನೆರೂಳಿನಲ್ಲಿರುವ ನನ್ನ ತಂಗಿ ಮಾತ್ರ ಸುಮ್ಮನೆ ಬಿಡುವವಳಲ್ಲ. ಫೋನಿನಲ್ಲಿ ಬೇರೆ ಮಾತೆಲ್ಲ ಮುಗಿದ ಮೇಲೆ, ಇಡುವ ಮೊದಲು ಕೇಳಿಯೇ ಕೇಳುತ್ತಿದ್ದಳು. "ಅಣ್ಣಾ, ಕ್ಯಾಸೆಟ್ ಪೆನ್ ಡ್ರೈವಿಗೆ ಹಾಕಿಸಿದಿಯಾ?" ನನ್ನ ಬಳಿ ನೆಪಗಳಿಗೆ ಬರವಿರಲಿಲ್ಲ. ಮಳೆಗಾಲದ ತೇವಕ್ಕೆ ಟೇಪಿಗೆಲ್ಲ ಬೂಷ್ಟು ಹಿಡಿದಿದೆ ಎಂದೆ. ಅಂಥ ಯಂತ್ರ ಈಗ ಯಾರ ಹತ್ತಿರವೂ ಉಳಿದಿಲ್ಲ ಎಂದೆ. ಓಡಿಸುವಾಗ ಟೇಪು ತುಂಡಾದರೆ ಇದ್ದದ್ದೂ ಹೋದೀತು ಎಂದು ಹೆದರಿಸಿಯೂ ನೋಡಿದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ಸರಿಯಿಲ್ಲದ ಮಾಲನ್ನು ಸರಿಯಿಲ್ಲ ಎಂದು ಮುಲಾಜಿಲ್ಲದೆ ಬರೆಯುವುದೇ ನನ್ನ ಕೆಲಸವಾಗಿತ್ತು, ಅದಕ್ಕಾಗಿ ಮ್ಯಾನೇಜರುಗಳ ಹತ್ತಿರ ಜಗಳವನ್ನೂ ಆಡಿದ್ದೇನೆ. ತಂಗಿಯ ಹತ್ತಿರ ಮಾತ್ರ ವರ್ಷಗಟ್ಟಲೆ ಸುಳ್ಳು ಹೇಳಿದೆ.

ಈ ವರ್ಷ ತಂಗಿಯ ಮಗಳು ಬಸುರಿಯಾದಳು. ಏಳನೇ ತಿಂಗಳಲ್ಲಿ ಸೀಮಂತ ಎಂದು ನಿಶ್ಚಯವಾಯಿತು. ತಂಗಿಯ ದನಿ ಆಗ ಬದಲಾಯಿತು.

"ಅವಳಿಗೆ ಅವಳ ತೊಟ್ಟಿಲ ಶಾಸ್ತ್ರದ ವೀಡಿಯೊ ನೋಡ್ಬೇಕಂತೆ. ನಂಗೆ ಅತ್ತೆಯನ್ನು ನೋಡ್ಬೇಕು. ಸೀಮಂತದ ಮೊದಲು ಮಾಡಿಸಿ ಕೊಡು. ಇನ್ನು ನೆಪ ಹೇಳ್ಬೇಡ ಮಾರಾಯ, ಸಾಕು."

ಅವಳಿಗೆ ನೋಡಬೇಕಾಗಿದ್ದ ಅತ್ತೆ ಆ ಹದಿನಾಲ್ಕು ಕ್ಯಾಸೆಟ್ಟುಗಳಲ್ಲಿ ಎಲ್ಲಿಯೂ ಇರಲಿಲ್ಲ. ಅದು ನನಗೆ ಖಚಿತವಾಗಿ ಗೊತ್ತಿತ್ತು, ಏಕೆಂದರೆ ಅಷ್ಟನ್ನೂ ಚಿತ್ರೀಕರಿಸಿದವನು ನಾನೇ.

ಅತ್ತೆ ಎಂದರೆ ಅಪ್ಪನ ಅಕ್ಕ. ನನಗೆ ಒಂಬತ್ತು, ತಂಗಿಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅಪ್ಪ ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಹೋಟೆಲೊಂದರಲ್ಲಿ ಮ್ಯಾನೇಜರು. ಮೊದಲ ಪಾಳಿಯ ಕೆಲಸಗಾರರಿಗೆ ಚಹಾ ಸಿಗಬೇಕಾದರೆ ಅವರು ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕಿತ್ತು. ಆಗ ಉಡುಪಿಯ ಕಡೆಯ ಊರಿನಿಂದ ಒಂದು ಟ್ರಂಕು ಹಿಡಿದು ಅತ್ತೆ ಕೋಪರಿಯ ಸಾಲುಮನೆಗಳ ಚಾಳಿನಲ್ಲಿದ್ದ ನಮ್ಮ ಮನೆಗೆ ಬಂದಿಳಿದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಬಂದ ಒಂದು ವರ್ಷದೊಳಗೆ ತರಕಾರಿಯವಳ ಜೊತೆ ಮರಾಠಿಯಲ್ಲಿ ಜಗಳವಾಡುವಷ್ಟು ಗಟ್ಟಿಯಾದರು. ನಮ್ಮಿಬ್ಬರನ್ನು ಓದಿಸಿದ್ದು, ಬೈದದ್ದು, ಜ್ವರ ಬಂದಾಗ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದು ಎಲ್ಲ ಅವರೇ.

ಮನೆಯೊಳಗೆ ಅವರಿಗೆ ಯಾವ ಕಟ್ಟುಪಾಡೂ ಇರಲಿಲ್ಲ. ತಂಗಿಗೆ ಹೂ ಮುಡಿಸುವವರು ಅವರೇ, ದೀಪಾವಳಿಯ ಬೆಳಿಗ್ಗೆ ನಮ್ಮ ತಲೆಗೆ ಮೊದಲ ಎಣ್ಣೆ ಇಡುವವರೂ ಅವರೇ. ಎರಡೇ ಕೋಣೆಯ ಮನೆಯಲ್ಲಿ ಶುಭ ಒಂದು ಕಡೆ, ಅಶುಭ ಒಂದು ಕಡೆ ಎಂದು ಬೇರೆ ಬೇರೆ ಇಡಲು ಜಾಗವಾದರೂ ಎಲ್ಲಿತ್ತು?

ಕ್ಯಾಮೆರಾ ಬಂದ ಮೇಲೆ ಜಾಗ ಬೇರೆಯಾಯಿತು. ಮಸ್ಕತ್ತಿನಲ್ಲಿದ್ದ ನಮ್ಮ ಸೋದರಮಾವ ರಜೆಗೆ ಬಂದಾಗ ಅದನ್ನು ತಂದು ನನ್ನ ಕೈಗೆ ಕೊಟ್ಟರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಭುಜಕ್ಕೇರಿಸಿಕೊಂಡು ತೆಗೆಯಬೇಕಾದ ಭಾರದ ಕ್ಯಾಮೆರಾ; ಒಂದು ಮದುವೆ ಮುಗಿಯುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಆದರೂ ಅದನ್ನು ಹೊತ್ತು ನಿಂತಾಗ ನನಗೆ ಬರುತ್ತಿದ್ದ ಗತ್ತು ಈಗ ನೆನೆದರೆ ನಾಚಿಕೆಯಾಗುತ್ತದೆ. ಪುರೋಹಿತರಿಗೇ "ಸ್ವಲ್ಪ ನಿಲ್ಲಿ, ಇನ್ನೊಮ್ಮೆ ಮಾಡಿ" ಎನ್ನುತ್ತಿದ್ದೆ.

ನಮ್ಮ ಕಡೆಯ ಮುಂಬಯಿಯವರಲ್ಲಿ ಆಗ ಒಂದು ಪದ್ಧತಿಯಿತ್ತು. ಇಲ್ಲಿ ನಡೆದ ಮದುವೆ, ಗೃಹಪ್ರವೇಶಗಳ ಕ್ಯಾಸೆಟ್ಟನ್ನು ಊರಿಗೆ ಹೊರಟ ಹೋಟೆಲಿನವರು ಯಾರಾದರೊಬ್ಬರ ಕೈಯಲ್ಲಿ ಕೊಟ್ಟು ಕಳಿಸುವುದು. ಅಲ್ಲಿ ಯಂತ್ರವಿದ್ದ ಯಾರದಾದರೂ ಮನೆಯ ಜಗಲಿಯಲ್ಲಿ ಮೂವತ್ತು ನಲವತ್ತು ಮಂದಿ ಕುಳಿತು ನೋಡುವರು. ಹದಿನೈದು ದಿನದಲ್ಲಿ ಕಾಗದಗಳು ಬರತೊಡಗುತ್ತಿದ್ದವು. ಇಂಥವರನ್ನು ಎರಡನೇ ಸಾಲಿನಲ್ಲಿ ಕೂರಿಸಿದ್ದೇಕೆ, ಆರತಿ ಎತ್ತಿದವಳು ಯಾರ ಮಗಳು, ಸೊಸೆಯ ಸೀರೆ ಅಷ್ಟು ಮಂಕಾಗಿತ್ತಲ್ಲ ಎಂದೆಲ್ಲ. ಮದುವೆಗೆ ಬಂದವರಿಗಿಂತ ಹೆಚ್ಚನ್ನು ಕ್ಯಾಸೆಟ್ಟಿನವರು ನೋಡುತ್ತಿದ್ದರು. ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡುವ ಸೌಕರ್ಯ ಅವರಿಗಿತ್ತು.

ಡೊಂಬಿವಲಿಯ ಈ ಫ್ಲ್ಯಾಟಿನ ಗೃಹಪ್ರವೇಶದ ದಿನ, ಹಾಲು ಉಕ್ಕಿಸುವ ಹೊತ್ತಿಗೆ ಅತ್ತೆ ನನ್ನ ಹತ್ತಿರ ಬಂದು ಹೇಳಿದರು. "ನನ್ನನ್ನು ಇದರಲ್ಲಿ ತೆಗೀಬೇಡ. ಶುಭಕಾರ್ಯದಲ್ಲಿ ಮುಂದೆ ನಿಂತದ್ದು ಊರಿನವರು ನೋಡಿದರೆ ನಿನ್ನ ಅಪ್ಪನಿಗೆ ಮಾತು ಬರ್ತದೆ." ನಾನು ಹೂಂ ಎಂದೆ. ಅಷ್ಟು ಸುಲಭವಾಗಿ ಹೂಂ ಎಂದದ್ದನ್ನು ಈಗ ಬರೆಯಲೂ ಕಷ್ಟವಾಗುತ್ತದೆ. ಮುಂದೆ ಅವರು ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಚೌಕಟ್ಟಿನ ಅಂಚಿನಲ್ಲಿ ಅವರ ಸೀರೆ ಕಂಡರೆ ಸಾಕು, ನನ್ನ ಭುಜ ತಾನಾಗಿ ದೀಪದ ಕಡೆಗೋ ಹೂವಿನ ಕಡೆಗೋ ತಿರುಗುತ್ತಿತ್ತು. ಬೇರೇನೂ ಸಿಗದಿದ್ದರೆ ಫ್ಯಾನು.

ಅತ್ತೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಅವರದೆಂದು ಉಳಿದಿರುವುದು ಮತದಾರರ ಚೀಟಿಯಿಂದ ದೊಡ್ಡದು ಮಾಡಿಸಿದ ಒಂದೇ ಫೋಟೊ. ಅದರಲ್ಲಿರುವ ಮುಖ ಅವರದೆಂದು ನಾವು ಹೇಳಿದರೆ ಮಾತ್ರ ಗೊತ್ತಾಗುವಂಥದ್ದು. ಅತ್ತೆಯೇ ಬೇಡವೆಂದರು, ಅವರು ಹೇಳಿದ ಹಾಗೆ ನಾನು ಕೇಳಿದೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ಬಂದಿದ್ದೆ. ಕ್ಯಾಸೆಟ್ಟುಗಳನ್ನು ಪೆನ್ ಡ್ರೈವಿಗೆ ಹಾಕಿಸಿ ತಂಗಿಯ ಕೈಗೆ ಕೊಟ್ಟರೆ ಅವಳು ಹದಿನಾಲ್ಕರಲ್ಲೂ ಹುಡುಕುತ್ತಾಳೆ, ಸಿಗುವುದಿಲ್ಲ, ಆಮೇಲೆ ನನ್ನ ಮುಖ ನೋಡುತ್ತಾಳೆ. ಆ ನೋಟ ನನಗೆ ಬೇಡವಾಗಿತ್ತು.

ಇನ್ನೊಂದು ವಿಷಯವನ್ನೂ ಹೇಳಬೇಕು. ತಂಗಿಯ ಗಂಡ ಹೋಗಿ ಎರಡು ವರ್ಷವಾಗಿದೆ. ಸೀಮಂತದ ಮಾತುಕತೆಗೆಂದು ಅವಳು ನಮ್ಮ ಮನೆಗೆ ಬಂದಿದ್ದಾಗ ನನ್ನ ಹೆಂಡತಿಗೆ ಹೇಳಿದಳು, "ಅತ್ತಿಗೆ, ಹೂ ಮುಡಿಸಿ ಬಳೆ ತೊಡಿಸುವುದು ನೀವು ಮಾಡಿ. ನಾನು ಊಟದ ಕಡೆ ನೋಡ್ಕೊಳ್ತೇನೆ." ಯಾರೂ ಅವಳಿಗೆ ಹಾಗೆ ಮಾಡು ಎಂದಿರಲಿಲ್ಲ. ತಾಯಿಯಾಗಿ ತಾನೇ ಮಾಡಬೇಕಾದ್ದನ್ನು ತಾನಾಗಿಯೇ ಬಿಟ್ಟುಕೊಟ್ಟಳು. ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. "ಅದೇ ಸರಿ" ಎಂದೆ.

ಕೊನೆಗೆ ಎರಡು ಚೀಲಗಳಲ್ಲಿ ಕ್ಯಾಸೆಟ್ಟು ತುಂಬಿಕೊಂಡು ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನ ಹತ್ತಿರ ಮಹಡಿಯ ಮೇಲೊಂದು ಸಣ್ಣ ಅಂಗಡಿ. ನಡೆಸುವವರು ನನ್ನ ವಯಸ್ಸಿನ ಮರಾಠಿಗರು, ಒಂದು ಕಾಲದಲ್ಲಿ ತಾವೂ ಮದುವೆ ವೀಡಿಯೊ ತೆಗೆಯುತ್ತಿದ್ದವರು. ಹಳೆಯ ಯಂತ್ರವೊಂದನ್ನು ಇನ್ನೂ ಜೀವಂತ ಇಟ್ಟಿದ್ದರು. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ ಎಂದು ಮೊದಲೇ ಹೇಳಿದರು. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆ ಓಡಲೇಬೇಕು, ಓಡಿದಷ್ಟೇ ಕಂಪ್ಯೂಟರಿಗೆ ಇಳಿಯುವುದು. ಬಿಟ್ಟು ಹೋಗಿ, ವಾರ ಕಳೆದು ಬನ್ನಿ ಎಂದರು. ನಾನು ಬಿಟ್ಟು ಹೋಗಲಿಲ್ಲ. ನಿವೃತ್ತನಿಗೆ ಬೇರೇನು ಕೆಲಸ? ಡಬ್ಬಿ ಕಟ್ಟಿಕೊಂಡು ದಿನವೂ ಹೋಗಿ ಅವರ ಪಕ್ಕದ ಸ್ಟೂಲಿನಲ್ಲಿ ಕುಳಿತೆ.

ನಮ್ಮ ಗೃಹಪ್ರವೇಶ, ತಂಗಿಯ ಮದುವೆ, ನೆಂಟರ ಮದುವೆಗಳು ಒಂದೊಂದಾಗಿ ಓಡಿದವು. ಯಾವುದರಲ್ಲೂ ಒಂದು ಮಾತು ಕೇಳಿಸುವುದಿಲ್ಲ. ಆಗಿನ ಫ್ಯಾಶನ್ನಿನಂತೆ ನಾನೇ ಅವನ್ನು ಮಿಕ್ಸಿಂಗ್ ಅಂಗಡಿಗೆ ಕೊಟ್ಟಿದ್ದೆ. ಅವರು ನಿಜವಾದ ಸದ್ದನ್ನೆಲ್ಲ ಅಳಿಸಿ ಮೊದಲಿನಿಂದ ಕೊನೆಯವರೆಗೂ ಸಿನಿಮಾ ಹಾಡು ತುಂಬಿದ್ದರು. ಅಪ್ಪ ಯಾರನ್ನೋ ಕರೆಯುತ್ತಾರೆ, ಬಾಯಿ ಮಾತ್ರ ಆಡುತ್ತದೆ, ಹಿನ್ನೆಲೆಯಲ್ಲಿ ಯಾವಳೋ ಪ್ರಿಯತಮನಿಗಾಗಿ ಹಾಡುತ್ತಿದ್ದಾಳೆ. ಮಿಕ್ಸಿಂಗ್ ಆಗುವ ಮೊದಲಿನ ಮೂಲ ಕ್ಯಾಸೆಟ್ಟುಗಳಿದ್ದವಲ್ಲ ಎಂದು ಆಸೆಯಿಂದ ಹಾಕಿಸಿದರೆ, ಅವುಗಳ ಮೇಲೆ ನಾನೇ ಕ್ರಿಕೆಟ್ ರೆಕಾರ್ಡ್ ಮಾಡಿಕೊಂಡಿದ್ದೆ. ಎಂದೋ ಮುಗಿದುಹೋದ ಒಂದು ಪಂದ್ಯವನ್ನು ಓವರು ಓವರಾಗಿ, ಕೊನೆಯಲ್ಲಾದರೂ ನಮ್ಮ ಮನೆ ಕಂಡೀತೇ ಎಂದು ಕಾಯುತ್ತ ನೋಡಿದೆ. ಕಾಣಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಡಬ್ಬಿಯನ್ನು ಬಿಚ್ಚದೆ ಮನೆಗೆ ಮರಳಿದೆ.

ಉಳಿದದ್ದು ತಂಗಿಯ ಮಗಳ, ಎಂದರೆ ನನ್ನ ಸೊಸೆಯ, ತೊಟ್ಟಿಲ ಶಾಸ್ತ್ರದ ಕ್ಯಾಸೆಟ್ಟು. ತಂಗಿ ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು, ಶಾಸ್ತ್ರ ಈ ಫ್ಲ್ಯಾಟಿನಲ್ಲೇ ನಡೆದದ್ದು. ಅಷ್ಟು ಹೊತ್ತಿಗೆ ಮಿಕ್ಸಿಂಗ್ ಮಾಡಿಸುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ. ನನ್ನ ಸೋಮಾರಿತನದಿಂದ ಒಳ್ಳೆಯದಾದದ್ದು ಅದೊಂದೇ.

ಪರದೆಯಲ್ಲಿ ತೊಟ್ಟಿಲು ಕಂಡಿತು. ಮೊದಲು ಕೇಳಿಸಿದ್ದು ಮಂತ್ರವಲ್ಲ, ಮಗುವಿನ ಅಳುವೂ ಅಲ್ಲ. ಕಿವಿಯ ಪಕ್ಕದಲ್ಲೇ ನಿಂತು ಯಾರೋ ಹೇಳಿದಂತೆ, "ಮಗುವಿನ ಅಜ್ಜಿಯನ್ನು ತೆಗಿ. ನಗ್ತಾ ಇದ್ದಾರೆ, ಈಗಲೇ ತೆಗಿ."

ಅತ್ತೆ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಚಿತ್ರದಲ್ಲಿ ಬೀಳದಿರಬೇಕೆಂದರೆ ನಿಲ್ಲಲು ಎಲ್ಲಕ್ಕಿಂತ ಕ್ಷೇಮದ ಜಾಗ ಕ್ಯಾಮೆರಾದ ಹಿಂದೆಯೇ. ಅವರು ಇಡೀ ಹೊತ್ತು ನನ್ನ ಬೆನ್ನ ಹಿಂದೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದರು. ಮೈಕಿಗೆ ಎಲ್ಲರಿಗಿಂತ ಸಮೀಪದವರು ಅವರೇ. ಒಳಗೆ ಹಾಲು ಉಕ್ಕಿತೋ ನೋಡಿ ಎಂದು ಯಾರಿಗೋ ಹೇಳಿದರು. ಮುಂದೆ ಕುಳಿತು ಜೋಗುಳ ಹಾಡುತ್ತಿದ್ದ ಹೆಂಗಸರಿಗೆ ಎರಡನೇ ಸಾಲು ಮರೆತುಹೋಯಿತು. ಹಿಂದಿನಿಂದ ಅತ್ತೆ ಸಣ್ಣ ದನಿಯಲ್ಲಿ ಎತ್ತಿಕೊಟ್ಟರು, ಅವರು ಮುಂದುವರಿಸಿದರು. ಆಮೇಲೆ ಕೊನೆಯವರೆಗೂ ಆ ಹಾಡನ್ನು ಅತ್ತೆ ತಮ್ಮಷ್ಟಕ್ಕೆ ಗುನುಗುತ್ತಿರುವುದು ಕೇಳಿಸುತ್ತದೆ. ಕಲ್ಯಾಣದ ಆ ಸ್ಟೂಲಿನ ಮೇಲೆ ನಾನು ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅತ್ತುಬಿಟ್ಟೆ.

ಹಾಡು ಮುಗಿದ ಮೇಲೆ ತಂಗಿ ತಲೆಯೆತ್ತಿದಳು. ಆಗ ಅವಳಿಗೆ ಇಪ್ಪತ್ತನಾಲ್ಕೋ ಏನೋ, ಹಸಿರು ಸೀರೆ, ಬಾಣಂತಿಯ ಊದಿದ ಮುಖ. ಕ್ಯಾಮೆರಾದ ಕಡೆಗಲ್ಲ, ಅದರ ಸ್ವಲ್ಪ ಮೇಲಕ್ಕೆ ನೋಡಿ ಕರೆದಳು. "ಅತ್ತೆ, ನೀವೂ ಬನ್ನಿ. ಒಮ್ಮೆ ತೂಗಿ."

ಕೋಣೆಯಲ್ಲಿ ಯಾರೂ ತಡೆಯಲಿಲ್ಲ. ಮಗುವಿನ ಅಜ್ಜಿ, ಎಂದರೆ ತಂಗಿಯ ಗಂಡನ ತಾಯಿ, ಕುಳಿತಲ್ಲಿಂದ ಒಂದಿಷ್ಟು ಸರಿದು ದಾರಿ ಬಿಟ್ಟದ್ದು ಚೆನ್ನಾಗಿ ಕಾಣುತ್ತದೆ. ಪರದೆಯ ಎಡಗಡೆಯಿಂದ ಮಾಸಲು ಬಣ್ಣದ ಸೀರೆಯ ಸೆರಗು ಬಂತು, ಅದರ ಹಿಂದೆ ಒಂದು ಕೈ. ಬಳೆಯಿಲ್ಲದ, ಉಗುರಿನ ಸುತ್ತ ಅರಿಶಿನ ಹಿಡಿದ ಕೈ ತೊಟ್ಟಿಲ ಕಡೆಗೆ ಚಾಚಿತ್ತು. ಅತ್ತೆ ಒಂದು ಹೆಜ್ಜೆ ಮುಂದಿಟ್ಟಿದ್ದರು.

ಒಂದು ಗಂಡು ದನಿ ಕೇಳಿಸಿತು. "ಬೇಡ ಬೇಡ. ವೀಡಿಯೊ ಆಗ್ತಾ ಉಂಟು."

ಚಿತ್ರ ಥಟ್ಟನೆ ಬಲಕ್ಕೆ ಹಾರಿ ಕಿಟಕಿಯ ಮೇಲೆ ನಿಂತಿತು. ಯಾರದಪ್ಪ ಈ ದನಿ ಎಂದು ಮೊದಲು ಯೋಚಿಸಿದೆ. ಅಪ್ಪನದಿರಬೇಕು ಎಂದು ಆಸೆಪಟ್ಟೆ, ಸತ್ತವರ ಮೇಲೆ ಹಾಕಿದರೆ ಹಗುರವಲ್ಲವೇ. ಅದು ನನ್ನದೇ ದನಿ.

ಕಿಟಕಿಯ ಚಿತ್ರದ ಹಿಂದಿನಿಂದ ಅತ್ತೆ ಹೇಳುತ್ತಿದ್ದರು, "ಹೌದು ಹೌದು. ವೀಡಿಯೊ ಮುಗೀಲಿ. ನಾನು ಮತ್ತೆ ತೂಗ್ತೇನೆ."

ಅಂಗಡಿಯವರು ಟೇಪು ನಿಲ್ಲಿಸಿ, ಬೇಸರಿಸಿಕೊಳ್ಳಬೇಡಿ ಎಂಬ ದನಿಯಲ್ಲಿ ಹೇಳಿದರು. "ಸಾಬ್, ಕ್ಯಾಮೆರಾವಾಲಾ ಥೋಡಾ ಕಚ್ಚಾ ಥಾ. ಬಾರ್ ಬಾರ್ ಝಟ್ಕಾ ಮಾರ್‌ತಾ ಹೈ. ಯೇ ಬೀಚ್ ಕಾ ಕಾಟ್ ದೂಂ ಕ್ಯಾ?" ಕ್ಯಾಮೆರಾ ಹಿಡಿದವನು ಹೊಸಬ, ಪದೇ ಪದೇ ಎಳೆಯುತ್ತಾನೆ, ಈ ನಡುವಿನದನ್ನು ಕತ್ತರಿಸಲೇ ಎಂದು ಅವರು ಕೇಳಿದ್ದು. ಮೊದಲು ಓಡಿದ ಕ್ಯಾಸೆಟ್ಟುಗಳಲ್ಲೂ ಅಲ್ಲಲ್ಲಿ ಚಿತ್ರ ಕಾರಣವಿಲ್ಲದೆ ಪಕ್ಕಕ್ಕೆ ಜಿಗಿಯುವುದನ್ನು ಅವರು ಗಮನಿಸಿದ್ದರು. ಕಾರಣ ಅವರಿಗೆ ತಿಳಿಯುವಂತಿರಲಿಲ್ಲ. ಕತ್ತರಿಸಿದರೆ ಕೆಲವೇ ಕ್ಷಣಗಳ ಮಾತು, ಜೋಡಿಸಿದ್ದು ಗೊತ್ತಾಗದಂತೆ ಮಾಡಿಕೊಡುತ್ತೇನೆ ಎಂದರು.

ಬೇಡ ಎನ್ನುವ ಧೈರ್ಯ ಬರಲಿಲ್ಲ. ಸರಿ, ಕತ್ತರಿಸಿ ಎನ್ನಲೂ ಬಾಯಿ ಬರಲಿಲ್ಲ. ಎರಡೂ ಮಾಡಿಕೊಡಿ ಎಂದೆ. ಒಂದು ಇದ್ದ ಹಾಗೆ, ಇನ್ನೊಂದು ಕತ್ತರಿಸಿದ್ದು. ಹೇಡಿಗಳು ಎರಡನ್ನೂ ಕೇಳುತ್ತಾರೆ.

ಮರುದಿನ ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೊರಟೆ. ಪೆನ್ ಡ್ರೈವು ಅಂಗಿಯ ಜೇಬಿನಲ್ಲಿತ್ತು. ಐರೋಳಿ ದಾಟುವವರೆಗೂ ಕತ್ತರಿಸಿದ್ದನ್ನೇ ತೋರಿಸುವುದು ಎಂದುಕೊಂಡೆ. ಗಂಡ ಹೋದವಳು, ಮಗಳ ಸೀಮಂತದ ಹೊತ್ತು, ಈಗ ಯಾಕೆ ಅವಳ ಮನಸ್ಸು ನೋಯಿಸಬೇಕು ಎಂದು ಒಳ್ಳೆಯ ಮಾತುಗಳು ಒಂದರ ಹಿಂದೊಂದು ಸಿಕ್ಕವು. ತುರ್ಭೆ ಬರುವಷ್ಟರಲ್ಲಿ ಆ ಮಾತುಗಳೆಲ್ಲ ನನ್ನನ್ನು ಉಳಿಸಿಕೊಳ್ಳಲು ಎಂಬುದು ನನಗೇ ಕಾಣತೊಡಗಿತು. ಆದರೂ ನಿರ್ಧಾರವಾಗಲಿಲ್ಲ.

ಸೊಸೆ ಪೆನ್ ಡ್ರೈವನ್ನು ಟೀವಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಒಂದೇ ಹೆಸರಿನ ಎರಡು ಫೈಲುಗಳು ಬಂದವು.

"ಇದೆಂತ ಎರಡು?" ತಂಗಿ ಕೇಳಿದಳು.

"ಒಂದರಲ್ಲಿ ಸ್ವಲ್ಪ ಕತ್ತರಿಸಿ ತೆಗೆಸಿದ್ದೇನೆ."

ಅವಳು ನನ್ನನ್ನು ನೋಡಿದಳು. ಇಷ್ಟು ವರ್ಷ ನಾನು ತಪ್ಪಿಸಿಕೊಂಡು ಬಂದ ನೋಟ ಅದೇ. "ತೆಗೀದೆ ಇದ್ದದ್ದು ಹಾಕು" ಎಂದು ಮಗಳಿಗೆ ಹೇಳಿದಳು.

ಅತ್ತೆಯ ದನಿ ಕೇಳಿದ ಕೂಡಲೇ ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಜೋಗುಳದ ಎರಡನೇ ಸಾಲಿಗೆ ಅಳುತ್ತಲೇ ನಕ್ಕಳು. ನಾನು ಟೀವಿ ನೋಡಲಿಲ್ಲ, ನೆಲ ನೋಡುತ್ತ ಕುಳಿತಿದ್ದೆ. ನನ್ನ ಮಾತು ಬಂತು, ಅತ್ತೆಯ ಉತ್ತರ ಬಂತು, ಚಿತ್ರ ಮುಗಿಯಿತು.

ಸೊಸೆಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಮಾಮಾ, ಫಿರ್ ಉನ್ಹೋಂನೆ ಝುಲಾಯಾ ಕ್ಯಾ? ಬಾದ್ ಮೇಂ?" ಆಮೇಲೆ ಅವರು ತೂಗಿದರೇ ಎಂಬುದು ನನಗೆ ತಿಳಿದಿರಲಿಲ್ಲ. ಆ ಹೊತ್ತಿಗೆ ನಾನು ಕ್ಯಾಮೆರಾ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದಿರಬೇಕು.

ಉತ್ತರ ಕೊಟ್ಟದ್ದು ತಂಗಿ. "ಇಲ್ಲ. ಅಷ್ಟು ಹೊತ್ತಿಗೆ ನಿನಗೆ ನಿದ್ದೆ ಬಂದಿತ್ತು. ತೂಗಿದರೆ ಎಚ್ಚರ ಆಗ್ತದೆ ಅಂತ ಹೇಳಿ ಅತ್ತೆ ಒಳಗೆ ಪಾತ್ರೆ ತೊಳೀಲಿಕ್ಕೆ ಹೋದ್ರು."

"ನಿಂಗೆ ನೆನಪುಂಟಾ?" ಎಂದೆ.

"ಮರೀತದಾ ಅಣ್ಣ? ಕರೆದದ್ದು ನಾನಲ್ವಾ?"

"ತಪ್ಪಾಯ್ತು" ಎಂದೆ. ಯಾರಿಗೆ ಹೇಳಬೇಕಿತ್ತೋ ಅವರು ಇರಲಿಲ್ಲ, ಇದ್ದವಳಿಗೆ ಹೇಳಿದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ಎನ್ನದಿದ್ದುದೇ ಒಳ್ಳೆಯದಾಯಿತು. ಮಗಳ ಕೈಯಿಂದ ರಿಮೋಟು ತೆಗೆದುಕೊಂಡು ಹಿಂದಕ್ಕೆ ಓಡಿಸಿ, ಸೆರಗಿನ ಹಿಂದಿನಿಂದ ಆ ಕೈ ಬರುವಲ್ಲಿ ನಿಲ್ಲಿಸಿದಳು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು.

"ಭಾನುವಾರ ಸೀಮಂತದಲ್ಲಿ ಬಳೆ ನಾನೇ ತೊಡಿಸ್ತೇನೆ. ಬೀಗಿತ್ತಿಗೆ ನೀನೇ ಫೋನ್ ಮಾಡಿ ಹೇಳು."

ಅಲ್ಲಿಯೇ ಕುಳಿತು ಸೊಸೆಯ ಅತ್ತೆಮನೆಗೆ ಫೋನ್ ಮಾಡಿದೆ. ಸುತ್ತಿ ಬಳಸದೆ ನೇರವಾಗಿ ಹೇಳಿದೆ. ಮಗಳಿಗೆ ಹೂ ಮುಡಿಸುವುದು, ಬಳೆ ತೊಡಿಸುವುದು ತಾಯಿಯೇ ಮಾಡುತ್ತಾಳೆ ಎಂದೆ. ಬೀಗಿತ್ತಿ ಕೆಟ್ಟವರಲ್ಲ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಬಹಳ ಮೆತ್ತಗೆ ಕೇಳಿದರು.

"ನಮ್ಮದೆಂತ ಇಲ್ಲ. ಆದರೆ ವೀಡಿಯೊ ಊರಿನ ಗ್ರೂಪಿಗೆಲ್ಲ ಹೋಗ್ತದಲ್ವಾ? ಎಲ್ಲರೂ ನೋಡ್ತಾರಲ್ವಾ?"

"ನೋಡ್ತಾರೆ" ಎಂದೆ. "ವೀಡಿಯೊ ತೆಗೆಯುವವ ನಾನೇ."